ಮರ ಬಡಿದು ನೋಡುವ ಹಸಿಂತೋ

ಹಸಿಂತೋ ಓವೆಲಾರ್ ಮರವನ್ನು ಮೊದಲು ನೋಡುತ್ತಿದ್ದದ್ದು ಕಿವಿಯಿಂದ. ಯಾರ ಅಂಗಳಕ್ಕೆ ಕರೆದರೂ ಗೇಟು ದಾಟಿದವನೇ ನೇರ ಬುಡಕ್ಕೆ ಹೋಗಿ, ಮಚ್ಚಿನ ಬೆನ್ನಿನಿಂದ ಸುತ್ತಲೂ ಬಡಿದು, ತಲೆ ಓರೆಮಾಡಿ ನಿಲ್ಲುತ್ತಿದ್ದ. ಗಟ್ಟಿ ಮರ ಮೊಟಕಾಗಿ ಸದ್ದು ಕೊಡುತ್ತದೆ. ಒಳಗೆ ಕೊಳೆತದ್ದು ಖಾಲಿ ಪೀಪಾಯಿಯ ಹಾಗೆ ದನಿ ಎಳೆಯುತ್ತದೆ. ಉತ್ತರದ ಕಾಡುಗಳ ಮರದ ಕ್ಯಾಂಪಿನಲ್ಲಿ ಹದಿನೈದು ವರ್ಷ ದುಡಿದು ಕಲಿತದ್ದು ಇಷ್ಟೇ, ಎನ್ನುತ್ತಿದ್ದ ಅವನು.

ಕ್ಯಾಂಪು ಮುಚ್ಚಿದ ಮೇಲೆ ಹೆಂಡತಿ ಪೆಟ್ರೋನಾಳ ಜೊತೆ ರಾಜಧಾನಿಯ ಅಂಚಿನ ಊರಾದ ಸಾನ್ ಲೊರೆನ್ಸೋಗೆ ಬಂದ. ಹಿಂದೆ ಹೊಲಗಳಿದ್ದ ಜಾಗದಲ್ಲೆಲ್ಲ ಆಗಲೇ ಮನೆಗಳೆದ್ದಿದ್ದವು. ಹೊಲದ ಕಾಲದ ಮರಗಳು ಮಾತ್ರ ಅಲ್ಲಲ್ಲೇ ಉಳಿದು, ತಗಡಿನ ಸೂರುಗಳ ನಡುವೆ ಮುದಿಯಾಗುತ್ತಿದ್ದವು. ಹಸಿಂತೋ ಮೇಲೆ ಹತ್ತುವುದು, ಪೆಟ್ರೋನಾ ಕೆಳಗೆ ಹಗ್ಗ ಹಿಡಿಯುವುದು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. "ಈ ಬೀದೀಲಿ ಗಂಡನ್ನ ಹಗ್ಗ ಹಾಕಿ ಹಿಡಿದಿರೋಳು ನಾನೊಬ್ಳೇ ಕಣ್ರೇ," ಎಂದು ಅವಳು ಅಂಗಳದ ಹೆಂಗಸರನ್ನು ನಗಿಸುತ್ತಿದ್ದಳು.

ಅವರು ವರ್ಷವೂ ತಪ್ಪದೆ ಹೋಗುತ್ತಿದ್ದ ಮನೆಗಳಲ್ಲಿ, ಎಲ್ಲರೂ ಮರ್ಯಾದೆಯಿಂದ ನ್ಯಾ ಎಂದು ಕರೆಯುತ್ತಿದ್ದ ದೆಲ್ಫಿನಾಳದ್ದೊಂದು. ಆಕೆ ಒಂಟಿ ವಿಧವೆ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ದರ್ಜಿ. ಅಂಗಳದ ನಡುವೆ ದೊಡ್ಡ ಇವಿರಾ-ಪಿತಾ ಮರ. ಬೇಸಿಗೆಯಲ್ಲಿ ಹಳದಿ ಹೂ ಸುರಿಸಿ ಹೊಲಿಗೆ ಯಂತ್ರವನ್ನೇ ಮುಚ್ಚಿಬಿಡುತ್ತಿತ್ತು. ಆಕೆಯ ಕೋಣೆಗೆ ತಗಡಿನ ಮಾಡು. ಅಲ್ಲಿ ಸುಡುಬೇಸಿಗೆಯಾದ ಜನವರಿಯಲ್ಲಿ ಕೂತು ಹೊಲಿಯಲು ಸಾಧ್ಯವಾಗುತ್ತಿದ್ದದ್ದು ಆ ನೆರಳಿನಿಂದಲೇ. ಮರ ಪಡುವಣಕ್ಕೆ, ಪಕ್ಕದ ಕಾತಲಿನೋನ ಮನೆಯ ಕಡೆಗೆ ಸ್ವಲ್ಪ ವಾಲಿಕೊಂಡಿತ್ತು. ಕಾತಲಿನೋ ಸಿಟಿ ಬಸ್ಸಿನ ಡ್ರೈವರು. ಅವನ ಹೆಂಡತಿ ಮಿರ್ತಾ ಗೋಡೆಗೆ ಒತ್ತಿಕೊಂಡಿದ್ದ ಅಡುಗೆ ಚಪ್ಪರದಲ್ಲಿ ಚೀಪಾ ರೊಟ್ಟಿ ಸುಟ್ಟು ಬಸ್ ನಿಲ್ದಾಣದಲ್ಲಿ ಮಾರುತ್ತಿದ್ದಳು. ಹಸಿಂತೋ ಮರದ ಮೇಲಿದ್ದಾಗ ಕೂಗಿ ಕರೆದು, ಬಿಸಿ ಚೀಪಾವನ್ನು ಹಗ್ಗದ ಬುಟ್ಟಿಯಲ್ಲಿಟ್ಟು ಕಳಿಸುತ್ತಿದ್ದಳು.

ಆ ವರ್ಷ ಜೂನ್ ತಿಂಗಳಲ್ಲಿ ಹಸಿಂತೋ ಎಂದಿನಂತೆ ಬುಡ ಬಡಿದ. ಮತ್ತೊಮ್ಮೆ ಬಡಿದ. ಬೇರಿನ ಹಿಂಭಾಗದಲ್ಲಿ ಅಂಗೈಯಗಲದ ಅಣಬೆಗಳು ಸಾಲಾಗಿ ಎದ್ದಿದ್ದವು. ಅವುಗಳ ಪಕ್ಕ ಕಬ್ಬಿಣದ ಸರಳು ಚುಚ್ಚಿದರೆ ಮೊಣಕೈಯಷ್ಟು ಒಳಗಿಳಿಯಿತು. ಹೊರಗೆಳೆದಾಗ ತುದಿಗೆ ಒದ್ದೆ ಹಿಟ್ಟಿನಂಥದ್ದು ಅಂಟಿತ್ತು.

"ನ್ಯಾ ದೆಲ್ಫಿನಾ, ಇದನ್ನ ತೆಗೀಬೇಕು," ಎಂದ.

"ಏನ್ ತೆಗೀಬೇಕು?"

"ಮರಾನೇ. ಪೂರ್ತಿ."

ಆಕೆ ಸೂಜಿಯನ್ನು ಬಾಯಿಂದ ತೆಗೆದಳು. "ನನ್ನ ತಲೇನೂ ತೆಗೆದುಬಿಡಿ ಹಂಗಾದ್ರೆ. ಈ ತಗಡಿನ ಕೆಳಗೆ ಬೆಂದು ಸಾಯ್ಲಾ ನಾನು? ಎಪ್ಪತ್ತೆರಡು ವರ್ಷಕ್ಕೆ ಇನ್ನೆಲ್ಲಿ ಹೋಗಿ ಹೊಲೀಲಿ? ಹೋದ್ಸಲದ ಹಾಗೆ ಸ್ವಲ್ಪ ಭಾರ ಇಳಿಸಿ, ದೋನ್ ಹಸಿಂತೋ. ಒಂದೇ ಒಂದು ವರ್ಷ. ಮುಂದಿನ ಸಲ ನಾನೇ ಕರೆದು ಕಡಿಸ್ತೀನಿ."

ಅವನು ಮರದತ್ತ ನೋಡಿದ. ಹತ್ತೊಂಬತ್ತು ವರ್ಷ ಹತ್ತಿದ ಮರ. ಯಾವ ಕವಲಿನಲ್ಲಿ ಕಾಲಿಡಬೇಕು, ಎಲ್ಲಿ ಬೆನ್ನು ಒರಗಿಸಿ ಬೀಡಿ ಸೇದಬಹುದು, ಎಲ್ಲ ಗೊತ್ತು. ಮುದುಕಿ ಹೇಳುವುದರಲ್ಲೂ ಸುಳ್ಳಿರಲಿಲ್ಲ. ಕೊನೆಗೆ ಹೇಳಿದ, "ಸರಿ. ಮರದ ತಲೆ ಹಗುರ ಮಾಡ್ತೀನಿ. ಇನ್ನೊಂದು ವರ್ಷ ನಿಲ್ಲುತ್ತೆ."

ಹಗ್ಗ ಬಿಚ್ಚುತ್ತಿದ್ದ ಪೆಟ್ರೋನಾ ತಲೆಯೆತ್ತಿದಳು. ಮನೆಗೆ ಬರುವ ದಾರಿಯಲ್ಲಿ ಕೇಳಿದಳು, "ನಿಲ್ಲುತ್ತಾ?"

"ನಿಲ್ಲಬಹುದು."

"ಅಲ್ಲಿ ಹಾಗನ್ನಲಿಲ್ಲ ನೀನು."

ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಡದೆ ಬಡಗಣ ಬಿಸಿಗಾಳಿ ಬೀಸಿತು. ಜನ ಸಣ್ಣಸಣ್ಣದಕ್ಕೆ ಜಗಳ ಕಾದರು, ನಾಯಿಗಳು ನೆರಳು ಬಿಟ್ಟು ಕದಲಲಿಲ್ಲ. ಐದನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ತೆಂಕಣ ದಿಕ್ಕು ಸೀಸದ ಬಣ್ಣಕ್ಕೆ ತಿರುಗಿತು. ಬಿರುಗಾಳಿ ಕಾಲು ಗಂಟೆಯೂ ಇರಲಿಲ್ಲ. ಅದು ನಿಂತು ಇನ್ನೂ ಮಳೆ ಸುರಿಯುತ್ತಿರುವಾಗಲೇ ಸ್ವಯಂಸೇವಕ ಅಗ್ನಿಶಾಮಕದವನೊಬ್ಬ ಹಸಿಂತೋನ ಬಾಗಿಲು ಬಡಿದ. "ನಿಮ್ಮ ದೊಡ್ಡ ಗರಗಸ ತಗೊಂಡು ಬನ್ನಿ, ಯಜಮಾನ್ರೇ. ನಮ್ಮದು ಸಾಲ್ತಿಲ್ಲ. ದರ್ಜಿ ಅಮ್ಮನ ಮರ."

ಮರ ಬುಡದಲ್ಲೇ ಮುರಿದು ಗೋಡೆಯ ಮೇಲಿಂದ ಕಾತಲಿನೋನ ಅಡುಗೆ ಚಪ್ಪರದ ಮೇಲೆ ಉರುಳಿತ್ತು. ದೆಲ್ಫಿನಾಳ ಮಾಡಿನ ಒಂದು ತಗಡೂ ಅಲುಗಾಡಿರಲಿಲ್ಲ. ಆಕೆ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಹಸಿಂತೋ ನೇರ ಚಪ್ಪರದ ಕಡೆಗೆ ಹೋದ. ಕಾಂಡವನ್ನು ಮೂರು ಕಡೆ ಕತ್ತರಿಸಿದ. ಎರಡನೆಯ ಕೊಯ್ತದಲ್ಲಿ ಗರಗಸ ತಡೆಯೇ ಇಲ್ಲದೆ ಒಳಗಿಳಿದು ಕಂದು ಪುಡಿ ಉಗುಳಿತು. ತುಂಡನ್ನು ಆರು ಜನ ಎತ್ತಿದಾಗ ಮೊದಲು ಬಗ್ಗಿ ನೋಡಿದವನು ಅವನೇ. ಮಿರ್ತಾಳಲ್ಲಿ ಉಸಿರು ಇರಲಿಲ್ಲ. ಅವನು ಅವಳ ಪಕ್ಕ ಮಂಡಿಯೂರಿ ಸ್ವಲ್ಪ ಹೊತ್ತು ಕೂತು, ಆಮೇಲೆ ಯಾರೋ ತಂದ ಹೊದಿಕೆ ಹೊದಿಸಿದ. ಕಾತಲಿನೋ ಬಸ್ಸನ್ನು ದಾರಿಯಲ್ಲೇ ಬಿಟ್ಟು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪೊಲೀಸರು ಬಿರುಗಾಳಿ ಎಂದು ಬರೆದುಕೊಂಡು ಹೋದರು. ಹೆಣ ಕಾಯಲು ಸೇರಿದ ಜನವೂ ಗಾಳಿಯನ್ನೇ ಬೈದರು. ಆದರೆ ದೆಲ್ಫಿನಾಗೆ ತಡೆಯಲಾಗಲಿಲ್ಲ. "ಅಯ್ಯೋ, ಇನ್ನೊಂದು ವರ್ಷ ನಿಲ್ಲುತ್ತೆ ಅಂತ ಹಸಿಂತೋನೇ ಹೇಳಿದ್ನಲ್ಲಪ್ಪಾ," ಎಂದು ಅತ್ತಳು.

ಬಾಗಿಲ ಬಳಿ ಟೊಪ್ಪಿಗೆ ಹಿಡಿದು ನಿಂತಿದ್ದ ಹಸಿಂತೋನತ್ತ ಎಲ್ಲರೂ ತಿರುಗಿದರು. ಕಡಿಯಲು ತಾನು ಮೊದಲೇ ಹೇಳಿದ್ದೆ ಎಂದು ಅವನು ಹೇಳಬಹುದಿತ್ತು. ಅದರ ಬದಲು ಅಂದ, "ಹೌದು ಕಾತಲಿನೋ. ಒಳಗೆ ಟೊಳ್ಳಾಗಿದೆ ಅಂತ ಗೊತ್ತಿದ್ದೂ ಹಾಗಂದೆ."

ಕಾತಲಿನೋ ಕುರ್ಚಿಯಿಂದ ಏಳಲಿಲ್ಲ. "ಹೋಗು. ನಾನು ಎದ್ದೇಳೋಕೆ ಮುಂಚೆ ಇಲ್ಲಿಂದ ಹೋಗು," ಎಂದಷ್ಟೇ ಹೇಳಿದ.

ಮರುವಾರದಿಂದ ಹಸಿಂತೋಗೆ ಎಂದೂ ಇಲ್ಲದಷ್ಟು ಕೆಲಸ. ಊರಿಗೆ ಊರೇ ಹೆದರಿತ್ತು. ಅವನೂ ಹೆದರಿದ್ದ. ಯಾವ ಮರ ಬಡಿದರೂ ಅದೇ ಪೀಪಾಯಿಯ ದನಿ. ಕೊಂಬೆ ಸವರುವ ಮಾತೇ ಬಿಟ್ಟ. ಮಾವು, ಬೇವು, ಆವಕಾಡೊ ಏನಿದ್ದರೂ ಒಂದೇ ಮಾತು: "ಕಡೀಬೇಕು." ಬೇಸಿಗೆ ಹೊತ್ತಿಗೆ ಮೂರು ಬೀದಿಗಳ ಅಂಗಳಗಳು ಬೋಳಾಗಿ, ಹೆಂಗಸರು ಕುರ್ಚಿಗಳನ್ನು ಗೋಡೆಯ ನೆರಳಿನ ಹಿಂದೆ ಹಿಂದೆ ಎಳೆದುಕೊಂಡು ಕೂರುವಂತಾಯಿತು.

ಫೆಬ್ರವರಿಯಲ್ಲಿ ಒತಿಲಿಯಾ ಎಂಬ ನಿವೃತ್ತ ನರ್ಸಮ್ಮ ತನ್ನ ಲಪಾಚೋ ಮರದ ಒಂದು ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದೆ ಎಂದು ಕರೆದಳು. ಹಸಿಂತೋ ಬಡಿದು ನೋಡಿ, "ಬುಡವೇ ಹೋಗಿದೆ," ಎಂದ. ಪೆಟ್ರೋನಾ ಅವನ ಕೈಯಿಂದ ಮಚ್ಚು ಕಸಿದು ತಾನೇ ಬಡಿದಳು.

"ಕಲ್ಲಿದ್ದಂಗಿದೆ. ಕೇಳಿಸ್ಕೋ."

"ನಿನಗೆ ಗೊತ್ತಾಗಲ್ಲ."

"ಇಪ್ಪತ್ತಾರು ವರ್ಷ ಬುಡದಲ್ಲಿ ನಿಂತೋಳು ನಾನು. ಟೊಳ್ಳಾಗಿರೋದು ಈ ಮರ ಅಲ್ಲ, ಹಸಿಂತೋ." ಅವಳು ಹಗ್ಗವನ್ನು ನೆಲಕ್ಕೆ ಹಾಕಿ ನಡೆದುಬಿಟ್ಟಳು.

ಅವನು ಹಗ್ಗವನ್ನು ಗೇಟಿನ ಕಂಬಕ್ಕೆ ಬಿಗಿದು ಒಬ್ಬನೇ ಕಡಿದ. ಸಂಜೆಯ ಹೊತ್ತಿಗೆ ಮರ ಮಲಗಿತು. ಬುಡದ ಬೊಡ್ಡೆ ಅಂಚಿನಿಂದ ಅಂಚಿಗೆ ಗಟ್ಟಿಯಾಗಿತ್ತು. ಒಂದು ಬಿರುಕಿಲ್ಲ, ಒಂದು ಕಲೆಯಿಲ್ಲ. ಒತಿಲಿಯಾ ಅದರ ಮೇಲೆ ಕೈಯಾಡಿಸಿ ಕೇಳಿದಳು, "ಕೊಳೆತದ್ದು ಎಲ್ಲಿ? ತೋರ್ಸಿ." ಹಸಿಂತೋ ಬೊಡ್ಡೆಯನ್ನು ಬೆರಳಿನಿಂದ ಸುತ್ತಲೂ ಒತ್ತಿ ನೋಡಿದ. ಗರಗಸವನ್ನು ಅಲ್ಲೇ ಬಿಟ್ಟು ಬಂದ. ಮರುದಿನ ಪೆಟ್ರೋನಾ ಹೋಗಿ ಅದನ್ನು ತಂದು, ಚೀಲ ಸುತ್ತಿ ಮಂಚದ ಕೆಳಗೆ ನೂಕಿದಳು.

ಆಮೇಲೆ ಅವನು ಊರಾಚೆಯ ಇಟ್ಟಿಗೆ ಗೂಡಿಗೆ ಕೂಲಿಗೆ ಹೋದ. ಬೆಂಕಿಗೆ ಸೌದೆ ಹಾಕುವ ಕೆಲಸ. ಪೆಟ್ರೋನಾ ಬುತ್ತಿ ಕಟ್ಟಿಕೊಡುತ್ತಿದ್ದಳು, ಅವನು ತಿಂದು ಖಾಲಿ ಡಬ್ಬಿ ತರುತ್ತಿದ್ದ. ದೆಲ್ಫಿನಾ ಹೊಲಿಗೆ ನಿಲ್ಲಿಸಿ ತಂಗಿಯ ಮನೆ ಸೇರಿದಳೆಂದು ಯಾರೋ ಹೇಳಿದರು.

ಮುಂದಿನ ಜುಲೈನಲ್ಲಿ ಒಂದು ಬೆಳಿಗ್ಗೆ ಕಾತಲಿನೋ ಬಾಡಿಗೆ ಲಾರಿಯಲ್ಲಿ ಬಂದ. ಅಡುಗೆಮನೆ ಮತ್ತೆ ಕಟ್ಟಿಸಲು ಇಟ್ಟಿಗೆ ಬೇಕಿತ್ತು. ಲಾರಿ ತುಂಬುವ ಸರದಿ ಅಂದು ಹಸಿಂತೋನದು. ಇಬ್ಬರೂ ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದರು. ಅರ್ಧ ತುಂಬಿದಾಗ ಕಾತಲಿನೋ ನಿಂತ.

"ಅವಳನ್ನ ಮೊದಲು ನೋಡಿದ್ದು ನೀನಂತೆ."

"ಹೂಂ."

"ನೋವಾಗಿತ್ತಾ ಅವಳಿಗೆ? ಯಾರೂ ಸರಿಯಾಗಿ ಹೇಳಲ್ಲ. ನೀನು ಹೇಳು."

ಅಂದು ಕಾಂಡದ ಕೆಳಗೆ ಮಿರ್ತಾಳ ಬಲಗೈ ಮಾತ್ರ ಸಿಕ್ಕಿಕೊಳ್ಳದೆ ಉಳಿದಿತ್ತು. ಅದು ನೆಲವನ್ನು ಒಂದು ಗೇಣಿನಷ್ಟು ಕೆರೆದು ಗುಂಡಿ ಮಾಡಿತ್ತು. ಹೊದಿಕೆ ಬರುವ ಮೊದಲು ಹಸಿಂತೋ ಆ ಗುಂಡಿಯನ್ನು ಮುಚ್ಚಿ, ಅವಳ ಉಗುರುಗಳಲ್ಲಿದ್ದ ಮಣ್ಣನ್ನು ತನ್ನ ಅಂಗಿಯ ಚುಂಗಿನಿಂದ ಒರೆಸಿದ್ದ. ಇದನ್ನು ಪೆಟ್ರೋನಾಳಿಗೂ ಹೇಳಿರಲಿಲ್ಲ.

"ಇಲ್ಲ," ಎಂದ. "ಬಿದ್ದ ಕ್ಷಣವೇ ಹೋಗಿದ್ಲು. ಗೊತ್ತೂ ಆಗಿರಲ್ಲ."

ಕಾತಲಿನೋ ಅವನ ಮುಖವನ್ನೇ ಬಹಳ ಹೊತ್ತು ನೋಡಿದ. ನಂಬಿದನೋ ಇಲ್ಲವೋ, ತಲೆಯಾಡಿಸಿ ಮತ್ತೆ ಕೈ ಚಾಚಿದ. ಲಾರಿ ತುಂಬುವುದಕ್ಕೆ ಇನ್ನೂ ಒಂದು ಗಂಟೆ ಹಿಡಿಯಿತು.