ಒಂದು ಸಲದ ಸುದ್ದಿ

ನನ್ನ ಭಾವನನ್ನು ಮಾರುಕಟ್ಟೆಯಲ್ಲಿ ಎಲ್ಲರೂ ಗ್ಯಾಸ್ ಮಾಮ ಎನ್ನುತ್ತಾರೆ. ಬುರುಡೆ ಬಿಡುತ್ತಾರೆಂದಲ್ಲ, ಆ ಮನುಷ್ಯ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಮಾರುಕಟ್ಟೆಯ ಹಿಂದೆ ಒಂದು ದೊಡ್ಡ ಕಬ್ಬಿಣದ ತೊಟ್ಟಿಯಿತ್ತು. ಕೊಳೆತ ತರಕಾರಿಯನ್ನೆಲ್ಲ ಅದರೊಳಗೆ ಸುರಿದು ಗ್ಯಾಸ್ ಮಾಡುವುದು ಅವರ ಕೆಲಸ. ಆ ಗ್ಯಾಸ್ ಕೊಳವೆಯಲ್ಲಿ ಗೋಡೆ ದಾಟಿ ಪಕ್ಕದ ಆಸ್ಪತ್ರೆಗೆ ಬರುತ್ತಿತ್ತು. ಅಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಹಂಡೆಗಳ ಕೆಳಗೆ ಅದನ್ನು ಹೊತ್ತಿಸುತ್ತಿದ್ದವಳು ನಾನು.

ತೊಟ್ಟಿಯನ್ನು ಮಾಡಿದ್ದು ಅಣ್ಣತಮ್ಮ ಇಬ್ಬರೂ ಸೇರಿ. ಭಾವ ಬೆಸುಗೆ ಹಾಕಿದರು, ನಮ್ಮವರು ತಲೆ ಓಡಿಸಿದರು. ಆಗ ನಕ್ಕವರಿಗೆ ಲೆಕ್ಕವಿಲ್ಲ. ಹಂಡೆಯಡಿ ಮೊದಲ ಸಲ ನೀಲಿ ಉರಿ ಎದ್ದಾಗ ನಮ್ಮವರು ನನ್ನ ಕೈಯಲ್ಲಿದ್ದ ಹೊದಿಕೆ ಕಿತ್ತುಕೊಂಡು ತಲೆಗೆ ಸುತ್ತಿ ಕುಣಿದರು. ರೋಗಿಗಳ ಹೊದಿಕೆ, ಅದೂ ಆಗಷ್ಟೇ ಒಗೆದದ್ದು! ಚೆನ್ನಾಗಿ ಬೈದು ಮತ್ತೆ ಒಗೆದೆ. ಕೆಲವು ವರ್ಷಗಳ ಮೇಲೆ, ತಳದ ಕೆಸರು ತೆಗೆಯಲು ಒಳಗೆ ಇಳಿದ ನಮ್ಮವರು ಜೀವಂತ ಮೇಲೆ ಬರಲಿಲ್ಲ. ಒಳಗೆ ಗ್ಯಾಸ್ ಉಳಿದಿತ್ತು. ಹಗ್ಗ ಹಿಡಿದು ಮೇಲೆ ನಿಂತಿದ್ದವರು ಭಾವ. ಅಂದಿನಿಂದ ಅವರ ಬಾಯಿಗೆ ಬೀಗ ಬಿತ್ತು. ಆದರೆ ತೊಟ್ಟಿ ಒಂದು ದಿನವೂ ನಿಲ್ಲಲಿಲ್ಲ. ನಿಲ್ಲಿಸಿದರೆ ತಮ್ಮನನ್ನು ಇನ್ನೊಂದು ಸಲ ಕಳಕೊಂಡಂತೆ ಎಂದುಕೊಂಡಿದ್ದರೋ ಏನೋ.

ಈ ವರ್ಷ ನಗರಸಭೆಗೆ ಹೊಸ ಅಧಿಕಾರಿ ಬಂದ. ಜನ ಗಾಡಿ ನಿಲ್ಲಿಸಲು ಜಾಗ ಬೇಕು, ತೊಟ್ಟಿ ಗುಜರಿಗೆ ಹೋಗಲಿ ಎಂದ. ಭಾವ ಕೈಮುಗಿದರು. ಅವನು ಮೊಬೈಲಿನಲ್ಲಿ ಒಂದಿಷ್ಟು ಹುಡುಕಿ, "ಎಲ್ರೀ ಇದೆ ನಿಮ್ಮ ಯೋಜನೆ? ಅಷ್ಟು ದೊಡ್ಡದಾಗಿದ್ರೆ ಇಂಟರ್‌ನೆಟ್ ವಿಶ್ವಕೋಶದಲ್ಲಾದ್ರೂ ಒಂದು ಪುಟ ಇರ್ತಿರಲಿಲ್ವಾ? ತೋರಿಸಿ, ತೊಟ್ಟಿ ಉಳಿಸೋಣ" ಎಂದ. ಸಾಗಹಾಕಲು ಆಡಿದ ಮಾತು. ನನಗೆ ಆಗಲೇ ಗೊತ್ತಾಯಿತು. ಭಾವನಿಗೆ ಗೊತ್ತಾಗಲಿಲ್ಲ. ಮನೆಗೆ ಬಂದವರೇ ನನ್ನ ಮಗಳನ್ನು ಕೂರಿಸಿಕೊಂಡು, "ಬರಿ ಪುಟ್ಟಿ, ನಿಮ್ಮಪ್ಪ ಮಾಡಿದ್ದನ್ನೆಲ್ಲ ಬರಿ" ಎಂದರು.

ಅವಳು ಬರೆದಳು. 'ಹಸಿರು ಶಕ್ತಿ ಯೋಜನೆ' ಎಂದು ತಲೆಬರಹ ಕೊಟ್ಟಳು. ಹಸಿರಂತೆ! ಆ ತೊಟ್ಟಿಯೊಳಗೆ ಒಂದು ಸಲ ಇಣುಕಿದ್ದರೆ ಯಾವ ಬಣ್ಣ ಎಂದು ತಿಳಿಯುತ್ತಿತ್ತು. ಪುಟ ಕಂಡ ದಿನ ಭಾವ ಅದನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತ ಊಟ ಮರೆತರು. ಮರುದಿನವೇ ಅದರ ನೆತ್ತಿಯ ಮೇಲೊಂದು ಪಟ್ಟಿ ಬಂತು: ಈ ವಿಷಯಕ್ಕೆ ಪುಟ ಬೇಕೇ, ಅಳಿಸಬೇಕೇ, ಚರ್ಚಿಸಿ. ಮನೆಯವರ ಬಗ್ಗೆ ಮನೆಯವರೇ ಬರೆಯುವುದು ಸರಿಯಲ್ಲ ಎಂದೂ ಯಾರೋ ಬರೆದಿದ್ದರು.

"ಮತ್ತಿನ್ಯಾರು ಬರೀತಾರೆ? ಅವರಪ್ಪನಾ?" ಎಂದೆ.

ಮಾರುಕಟ್ಟೆಗೆ ಸುದ್ದಿ ಹೋಯಿತು. ಚರ್ಚೆ ಎಂದರೆ ಮತದಾನ ಎಂದೇ ಎಲ್ಲರೂ ತಿಳಿದರು. ಮೊಟ್ಟೆ ಅಂಗಡಿಯವನು ಮುಂದಾಳು. ತೂಕದ ಕೋಣೆಯ ಒಂದೇ ಕಂಪ್ಯೂಟರಿನ ಮುಂದೆ ಸಾಲು ನಿಂತು, ಒಬ್ಬರಾದ ಮೇಲೊಬ್ಬರು ಖಾತೆ ತೆರೆದು, ಅವನು ಹೇಳಿಕೊಟ್ಟ ಒಂದೇ ವಾಕ್ಯ ಬರೆದರು: 'ಇದು ನಮ್ಮ ಹೆಮ್ಮೆ, ದಯವಿಟ್ಟು ಉಳಿಸಿ.' ಸಂಜೆಯೊಳಗೆ ಎಲ್ಲ ಖಾತೆಗಳೂ ಬಂದ್. ಇಷ್ಟೂ ಜನ ಒಬ್ಬನೇ ಮನುಷ್ಯನ ವೇಷಗಳು ಎಂದು ಅಲ್ಲಿನವರು ತೀರ್ಮಾನಿಸಿದ್ದರು.

ಮೊಟ್ಟೆ ಅಂಗಡಿಯವನು ಇಂಗು ತಿಂದ ಮಂಗನ ಹಾಗೆ ನಿಂತ. "ಗ್ಯಾಸ್ ಮಾಮ, ನಾವೆಲ್ಲ ನೀವೇ ಅಂತೆ ಕಣ್ರೀ!"

ಎಲ್ಲರೂ ನಕ್ಕರು. ಭಾವ ನಗಲಿಲ್ಲ. "ಇನ್ನೇನು ಮಾಡ್ಬೇಕಂತೆ, ಕೇಳು ಪುಟ್ಟಿ" ಎಂದರು.

"ಪೇಪರ್‌ನಲ್ಲಿ ಬಂದಿರೋದು ಬೇಕಂತೆ ದೊಡ್ಡಪ್ಪ. ಹೊರಗಿನವರು ಬರೆದಿರೋದು."

ಗ್ರಂಥಾಲಯದ ಹಳೆಯ ಪತ್ರಿಕೆಗಳ ಧೂಳೆಲ್ಲ ಭಾವನ ಮೂಗಿಗೆ ಹೋಯಿತು. ಒಂದು ಸಾಲೂ ಸಿಗಲಿಲ್ಲ. ದಿನಾ ಬೆಳಿಗ್ಗೆ ನೀರು ಬಿಸಿಯಾಗುತ್ತಿತ್ತು, ಬಟ್ಟೆ ಶುಭ್ರವಾಗುತ್ತಿತ್ತು. ಅದನ್ನು ಯಾವ ವರದಿಗಾರ ಬಂದು ಬರೆದಾನು? ಪೇಪರ್‌ನವರು ತೊಟ್ಟಿಯ ಹತ್ತಿರ ಬಂದದ್ದು ಒಂದೇ ಸಲ. ಅದು ಯಾವಾಗ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಭಾವ ಬಾಯಿಬಿಟ್ಟು ಕೇಳಲಿಲ್ಲ. ಊಟಕ್ಕೆ ಕೂತವರು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದರು.

ಪೇಪರ್‌ನ ಆ ಸುದ್ದಿಯ ತುಂಡನ್ನು ಯಾರಿಗೂ ತೋರಿಸುವುದಿಲ್ಲ ಎಂದು ಅಂದೇ ಪೆಟ್ಟಿಗೆಯ ತಳಕ್ಕೆ ಹಾಕಿದ್ದೆ. ತೆಗೆದು ಮಗಳ ಮುಂದೆ ಇಟ್ಟೆ. ಅಂಗೈಯಗಲದ ಸುದ್ದಿ: 'ತೊಟ್ಟಿಗೆ ಬಿದ್ದು ವ್ಯಕ್ತಿ ಸಾವು.' ಬಿದ್ದದ್ದಲ್ಲ, ಇಳಿದದ್ದು. ಇರಲಿ. ಕೊನೆಯ ಸಾಲಿನಲ್ಲಿ, ಆಸ್ಪತ್ರೆಗೆ ಗ್ಯಾಸ್ ಒದಗಿಸುವ ತೊಟ್ಟಿ ಎಂದಿತ್ತು. ಮಗಳು ಅದರ ಫೋಟೊ ತೆಗೆದು ಚರ್ಚೆಗೆ ಹಾಕಿದಳು. ಭಾವ ಗೋಡೆಗೆ ಮುಖ ಮಾಡಿ ಕೂತರು.

ಉತ್ತರ ಬೇಗ ಬಂತು. ಬರೆದವರು ಒರಟರೇನಲ್ಲ, ಪಾಪ, ಕುಟುಂಬಕ್ಕೆ ಸಾಂತ್ವನವನ್ನೂ ಹೇಳಿದ್ದರು. ಆಮೇಲೆ: ಇದು ಒಂದೇ ಘಟನೆಯ ಮಾಮೂಲು ವರದಿ, ಒಂದು ಸಲದ ಸುದ್ದಿಯಿಂದ ಯೋಜನೆ ಗಮನಾರ್ಹ ಎನಿಸುವುದಿಲ್ಲ, ಅಳಿಸಲಾಗಿದೆ.

"ಅಂದ್ರೆ, ಒಂದು ಸಲ ಸತ್ರೆ ಸಾಲದಂತಾ?" ಎಂದೆ. ಯಾರನ್ನು ಕೇಳಿದೆನೋ. ಮಗಳು ಅತ್ತಳು, ನಾನೂ ಅತ್ತೆ. ಭಾವ ಆ ತುಂಡನ್ನು ಮಡಚಿ, ನನ್ನ ಕಡೆ ನೋಡದೆಯೇ, ವಾಪಸು ಕೈಗೆ ಕೊಟ್ಟರು. "ತಪ್ಪಾಯ್ತಮ್ಮ. ಅದನ್ನ ತೆಗೆಸಬಾರದಿತ್ತು" ಎಂದರು. ಅವರ ಮೇಲೆ ಸಿಟ್ಟು ಮಾಡೋಣವೆಂದರೂ ಆಗಲಿಲ್ಲ.

ಗುಜರಿಯವರು ಬಂದದ್ದು ಮಳೆ ನಿಂತ ಒಂದು ಬೆಳಿಗ್ಗೆ. ಬಿಚ್ಚುವ ಮೊದಲು ಕೊಳವೆ ಮುಚ್ಚಿ ಎಂದರು. ಭಾವ ತೊಟ್ಟಿಯ ತಿರುಪಿನ ಮೇಲೆ ಕೈಯಿಟ್ಟರು, ತಿರುಗಿಸಲಿಲ್ಲ. ಕೊನೆಗೆ ಒಗೆಯುವ ಕೋಣೆಗೆ ಓಡಿ ಉರಿ ಆರಿಸಿದವಳು ನಾನೇ, ಹೊರಗೆ ಬಂದು ಆ ತಿರುಪನ್ನು ಮುಚ್ಚಿದವಳೂ ನಾನೇ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಲಾರಿ ಹತ್ತಿತ್ತು. ಭಾವ ಖಾಲಿ ಜಾಗದಲ್ಲಿ ನಿಂತು ರಸ್ತೆಯ ಕಡೆಯೇ ನೋಡುತ್ತಿದ್ದರು. ಲಾರಿ ಆಗಲೇ ಹೋಗಿಯಾಗಿತ್ತು.

"ಮನೆಗೆ ನಡೀರಿ ಭಾವ" ಎಂದೆ.

"ಪೇಪರ್‌ನವರು ಯಾರಾದ್ರೂ ಬಂದಿದ್ರಾ?" ಎಂದು ಕೇಳಿದರು.