ಮಾತ್ರೆಗೂ ಒಂದು ಸೂರು ಬೇಕು

ಶಿವಣ್ಣನ ಕೈಗೆ ತಿಂಗಳ ಮಾತ್ರೆ ಕೊಟ್ಟು, ಅವನು ಎಲ್ಲಿ ಮಲಗುತ್ತಾನೆಂದು ಒಮ್ಮೆಯೂ ಕೇಳದ ಆರೋಗ್ಯಾಧಿಕಾರಿಗಳೇ, ನಿರ್ಗತಿಕರಿಗೆಂದೇ ಕಟ್ಟಿದ ಖಾಲಿ ಕೊಠಡಿಗಳಿಗೆ ಬೀಗ ಜಡಿದು ಅವನಿಂದ ‘ಗುಣವಾಗಿದೆ’ ಎಂಬ ಪ್ರಮಾಣಪತ್ರ ಕೇಳಿದ ಪುರಾಡಳಿತದವರೇ, ಅವನು ಎರಡು ವರ್ಷ ಬಸ್ ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಕಳೆದುದಕ್ಕೆ ಹೊಣೆ ಅವನ ಕಾಯಿಲೆಯಲ್ಲ, ನೀವು.

ಓದುಗ ಮಿತ್ರರೇ, ಕೋಪದಿಂದ ಆರಂಭಿಸಿದ್ದೇನೆ, ನಿಜ. ಆದರೆ ನಿಮ್ಮನ್ನು ಕರೆದೊಯ್ಯಬೇಕೆಂದಿರುವುದು ಒಂದು ಸಂತೋಷದ ಬಳಿಗೆ. ಅದು ಇರುವುದು ನನ್ನ ಸೋದರತ್ತೆ ಗೌರಮ್ಮನವರ ಕೊಬ್ಬರಿ ಶೆಡ್ಡಿನಲ್ಲಿ. ನಮ್ಮ ತೆಂಗಿನ ಸೀಮೆಯಲ್ಲಿ ಕಾಯಿ ಕೊಬ್ಬರಿಯಾಗಬೇಕಾದರೆ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಸುಮ್ಮನೆ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಇಂಗುವವರೆಗೆ ಅದನ್ನು ಯಾರೂ ಕದಲಿಸುವುದಿಲ್ಲ. ಆ ಅಟ್ಟದ ಕೆಳಗಿನ ಪುಟ್ಟ ಕೋಣೆಯಲ್ಲಿ ಈಗ ಶಿವಣ್ಣ ಇದ್ದಾನೆ.

ಹುಳಿಯಾರಿನ ಕಡೆಯ ಈ ಶಿವಣ್ಣ ಒಂದು ಕಾಲಕ್ಕೆ ಅತ್ತೆಯ ತೋಟದಲ್ಲಿ ಕಾಯಿ ಸುಲಿಯುವವರಲ್ಲೆಲ್ಲ ಚುರುಕಿನವನು. ಯಾರೋ ಬೈಯುವ ದನಿ ಕಿವಿಯಲ್ಲಿ ಕೇಳತೊಡಗಿದ ಮೇಲೆ ಕೆಲಸ ಹೋಯಿತು, ಹಿಂದೆಯೇ ಬಾಡಿಗೆ ಕೋಣೆಯೂ ಹೋಯಿತು. ಆಸ್ಪತ್ರೆಯ ಮಾತ್ರೆ ನುಂಗಿದರೆ ಗಾಢ ನಿದ್ದೆ. ಬೀದಿಯಲ್ಲಿ ಗಾಢವಾಗಿ ನಿದ್ರಿಸಿದರೆ ತಲೆಯಡಿಯ ಚೀಲ ಮಾಯ. ಹಾಗಾಗಿ ಅವನು ಮಾತ್ರೆ ಬಿಟ್ಟು ಎಚ್ಚರವನ್ನು ಆರಿಸಿಕೊಂಡ. ಕಡತದಲ್ಲಿ ಇದಕ್ಕೆ ‘ರೋಗಿಯ ಅಸಹಕಾರ’ ಎಂದು ಹೆಸರು. ನನಗೆ ಅದು ಬೀದಿ ಕಲಿಸಿದ ವಿವೇಕವಾಗಿ ಕಾಣುತ್ತದೆ.

ಕಂಡು ಮರುಗಿದ ಅತ್ತೆ ಅವನನ್ನು ಕರೆತಂದರು, ಮತ್ತು ತೆಂಗಿನ ಸೀಮೆಯವರಷ್ಟೇ ಮಾಡಬಲ್ಲ ಒಂದು ತಪ್ಪು ಮಾಡಿದರು. ಮಾತ್ರೆಯ ಮಾತೆತ್ತಿದರೆ, “ಅಟ್ಟದ ಕಾಯಿನ ದಿನಾ ಅಲ್ಲಾಡುಸ್ತಾರೇನೇ? ಸುಮ್ನೆ ಬುಡು, ತಾನಾಗೇ ಸರಿಹೋಯ್ತಾನೆ,” ಎನ್ನುತ್ತಿದ್ದರು. ಎರಡು ತಿಂಗಳಲ್ಲಿ ಶಿವಣ್ಣ ಅನ್ನದ ತಟ್ಟೆ ಮುಟ್ಟದೆ, ಗೋಡೆಗೆ ಮುಖ ಮಾಡಿ, ಯಾರೊಂದಿಗೋ ವಾದಕ್ಕೆ ಕುಳಿತ. ಸೂರಿಲ್ಲದ ಮಾತ್ರೆ ಸೋತಂತೆಯೇ ಮಾತ್ರೆಯಿಲ್ಲದ ಸೂರೂ ಸೋತಿತ್ತು.

ಆಗ ನಾನು ಹೋಗಿ ಕಾಡಿದ್ದು ಪರಿಚಯದ ನರ್ಸ್ ನಾಗವೇಣಿಯವರನ್ನು. ಅವರು ಮೊದಲು ಅವನನ್ನು ವೈದ್ಯರಿಗೆ ತೋರಿಸಿ, ಮಾತ್ರೆ ಏಕೆ ಬೇಕೆಂದು ಅತ್ತೆಗೂ ತಿಳಿಹೇಳಿ, ಅನಂತರ ತಮ್ಮ ರಜೆಯ ದಿನ, ವಾರಕ್ಕೊಮ್ಮೆ, ಶೆಡ್ಡಿಗೇ ಬರತೊಡಗಿದರು. ಅವರು ಬರತೊಡಗಿದ ಆರನೆಯ ತಿಂಗಳ ಒಂದು ಬೆಳಿಗ್ಗೆ ನಾನೂ ಅಲ್ಲಿದ್ದೆ.

“ಮಾತ್ರೆ ನುಂಗ್ದೇನಪ್ಪಾ ಶಿವಣ್ಣ?” ಎಂದು ಅವರು ಕೇಳಿದರು.

“ನುಂಗ್ದೆ ಕಣಕ್ಕ. ಗೌರಮ್ಮೋರು ಬಾಯಿ ತೆಗ್ಸಿ ನೋಡ್ತಾರೆ, ಸಂತೇಲಿ ದನದ ಹಲ್ಲು ನೋಡ್ದಂಗೆ.”

“ನೋಡ್ದೆ ಇದ್ರೆ ಕೆನ್ನೇಲಿ ಬಚ್ಚಿಡ್ತೀಯ ಕಣ್ಲಾ,” ಎಂದರು ಅತ್ತೆ ಹೊರಗಿನಿಂದಲೇ.

“ಬೈಯೋರು ಇನ್ನೂ ಬತ್ತಾರಾ?” ನಾಗವೇಣಿ ದನಿ ತಗ್ಗಿಸಿದರು.

“ಒಂದೊಂದ್ಸಲ ಬತ್ತಾರೆ. ಈಗ ನಂಗೂ ಒಂದು ಬಾಗ್ಲೈತೆ. ಹಾಕ್ಕೊಂಡು ಮಲೀಕೊತೀನಿ.”

ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಮಾಜಕಾರ್ಯ ಓದಿದ ನನಗೆ ಇಷ್ಟು ಸ್ಪಷ್ಟವಾದ ಪಾಠವನ್ನು ಯಾರೂ ಹೇಳಿರಲಿಲ್ಲ. ಬಾಗಿಲು ಬಹುಮಾನವಲ್ಲ, ಗುಣವಾದವನಿಗೆ ಕೊನೆಗೆ ಕೊಡುವಂಥದ್ದಲ್ಲ. ಅದು ಚಿಕಿತ್ಸೆಯ ಮೊದಲ ಗುಳಿಗೆ. ಅತ್ತೆಯ ಗದರಿಕೆ, ನರ್ಸಿನ ಭೇಟಿ, ಒಂದು ಅಗುಳಿ: ಇಷ್ಟರಿಂದಲೇ ಒಬ್ಬ ಮನುಷ್ಯ ಮತ್ತೆ ಕಾಯಿ ಸುಲಿಯುತ್ತಿದ್ದಾನೆ, ಅತ್ತೆಯನ್ನು ಗೇಲಿ ಮಾಡುತ್ತಿದ್ದಾನೆ. ಒಂದು ಶೆಡ್ಡಿಗೆ ಸಾಧ್ಯವಾದದ್ದು ಒಂದು ಸರ್ಕಾರಕ್ಕೆ ಅಸಾಧ್ಯವೆಂದು ನಂಬಲು ನಾನು ಸಿದ್ಧಳಿಲ್ಲ.

ಆದರೆ ಶೆಡ್ಡಿನ ತೊಲೆಗಳಿಗೆ ಗೆದ್ದಲು ಹತ್ತಿದೆ. ಈ ತಿಂಗಳ ಕೊನೆಗೆ ಅದನ್ನು ಕೆಡವಲೇಬೇಕು. ಸುದ್ದಿ ತಿಳಿದ ಶಿವಣ್ಣ ಕೇಳಿದ್ದು ಒಂದೇ ಮಾತು: “ಮತ್ತೆ ಬೆಂಚಿಗೇನಕ್ಕಾ?” ಇದಕ್ಕೆ ಉತ್ತರ ಕೊಡಬೇಕಾದವರು ನೀವು, ಅಧಿಕಾರಿಗಳೇ.

ಆದ್ದರಿಂದ ಮಾನ್ಯ ಅಧಿಕಾರಿಗಳಲ್ಲಿ ನನ್ನ ವಿನಂತಿ: ಬೀಗ ಹಾಕಿದ ಕೊಠಡಿಗಳಲ್ಲಿ ಒಂದನ್ನು, ಯಾವ ಪ್ರಮಾಣಪತ್ರವನ್ನೂ ಕೇಳದೆ, ಶಿವಣ್ಣನ ಹೆಸರಿಗೆ ಕೊಡಿ, ನರ್ಸಿನ ಭೇಟಿಯನ್ನು ಅವರ ರಜೆಗೆ ಬಿಡದೆ ಇಲಾಖೆಯ ಕೆಲಸವನ್ನಾಗಿ ಮಾಡಿ, ಬೆಂಚುಗಳ ಮೇಲೆ ಉಳಿದವರಿಗೂ ಇದೇ ಕ್ರಮ ಯಾವಾಗ ಬರುತ್ತದೆಂದು ತಿಳಿಸಿ. ಉತ್ತರ ಲಿಖಿತವಾಗಿರಲಿ, ಶೆಡ್ ಬೀಳುವ ಮುನ್ನ ಬರಲಿ. ಲಕೋಟೆಯ ಮೇಲೆ ಶಿವಣ್ಣನ ಹೆಸರನ್ನೇ ಬರೆಯಿರಿ. ತಿಂಗಳ ಕೊನೆಯವರೆಗೆ ಅವನಿಗೆ ವಿಳಾಸವಿದೆ.