ಹಾಲುಹಲ್ಲಿನ ಶೀಸೆ ಮತ್ತು ದೇವದುರ್ಗದ ದಾರಿ

ರಾಯಚೂರು ಬಿಟ್ಟಾಗ ಬಿಸಿಲು ಇನ್ನೂ ಏರಿರಲಿಲ್ಲ. ಅದು ಎಪ್ಪತ್ತೇಳರ ಬೇಸಿಗೆ. ಬಾಡಿಗೆ ಜೀಪಿನಲ್ಲಿ ಹಲ್ಲಿನ ಡಾಕ್ಟರ್ ಶಾರದಾ, ಡ್ರೈವರ್ ಖಾಜಾಸಾಬ, ಸಹಾಯಕ್ಕೆಂದು ಹೊರಟ, ಬಿ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದ ನಾನು. ಹಲ್ಲುನೋವಿಗೆಂದು ಕೂಲಿ ಬಿಟ್ಟು ಮಗುವನ್ನು ರಾಯಚೂರಿಗೆ ಯಾರು ಕರೆತರುತ್ತಾರೆ, ನಾವೇ ಹೋಗಬೇಕು ಎಂಬುದು ಶಾರದಾ ಅವರ ಹಟ.

ಮಾನ್ವಿಯಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಶಾಲೆಯ ಜಗಲಿಯಲ್ಲಿ ಮೇಜು ಹಾಕಿದೆವು. ಮಧ್ಯಾಹ್ನವಾದರೂ ಒಂದು ಮಗುವೂ ಬರಲಿಲ್ಲ. ಬಾಗಿಲ ಸಂದಿಗಳಲ್ಲಿ ಕಣ್ಣುಗಳು ಮಾತ್ರ ಕಾಣುತ್ತಿದ್ದವು.

"ಜೀಪು ಕಂಡ್ರ ಸಾಕು, ಗಂಡಸರು ಹೊಲಕ್ಕ ಓಡಿಬಿಡ್ತಾರ್ರಿ," ಎಂದ ಚಹಾ ತಂದವನು. "ಹೋದ ವರ್ಷ ಇಂಥಾದ್ರಾಗ ಒಯ್ದು ಮಕ್ಕಳಾಗದಂಗ ಆಪರೇಷನ್ ಮಾಡಿಸಿದ್ರು."

"ನಾವು ಹಲ್ಲು ನೋಡಾಕ ಬಂದೀವಪ್ಪ," ಎಂದರು ಶಾರದಾ.

"ಅವರೂ ಜ್ವರ ನೋಡಾಕ ಬಂದೀವಿ ಅಂದಿದ್ರು, ಬಿಡ್ರಿ."

ರಾತ್ರಿ ದೇವದುರ್ಗದಲ್ಲಿ ಉಳಿದು, ಮರುದಿನ ಗೂಗಲ್ ಊರಿನ ಕಡೆಯ ದಾರಿಯಲ್ಲಿ ಕುರುಬರ ಮನೆಗಳೇ ಹೆಚ್ಚಿದ್ದ ಒಂದು ಹಳ್ಳಿಗೆ ಹೋದೆವು. ಡಾಕ್ಟರು ಹೆಂಗಸೆಂದು ತಿಳಿದ ಮೇಲೆ ತಾಯಂದಿರು ಮಕ್ಕಳನ್ನು ಕರೆದುಕೊಂಡು ಒಬ್ಬೊಬ್ಬರೇ ಬಂದರು. ಶಾರದಾ ಊರಕಟ್ಟೆಯ ಮೇಲೆ ಕುಳಿತು ಹುಳುಕು ಹಾಲುಹಲ್ಲುಗಳನ್ನು ಕಿತ್ತು, ಸ್ಪಿರಿಟ್ ತುಂಬಿದ ಶೀಸೆಗೆ ಹಾಕುತ್ತಿದ್ದರು. ರಾಯಚೂರಿನ ಶಾಲೆಮಕ್ಕಳಿಗೆ ತೋರಿಸುವುದಿತ್ತು. ಶೀಸೆ ನನ್ನ ಕೈಯಲ್ಲಿತ್ತು.

ಆಮೇಲೆ ಹನಮವ್ವ ಎಂಬಾಕೆ ಐದು ವರ್ಷದ ಮಗಳು ಯಂಕವ್ವನನ್ನು ಎತ್ತಿಕೊಂಡು ಬಂದಳು. ಕೆನ್ನೆ ಬಾತು ಹುಡುಗಿಯ ಒಂದು ಕಣ್ಣು ಮುಚ್ಚಿಹೋಗಿತ್ತು. ಮೈ ಕೆಂಡದಂತಿತ್ತು.

"ಕೀವು ತುಂಬ್ಯಾದ. ಇವತ್ತ ತೆಗೀಲಿಲ್ಲಂದ್ರ ಗಂಟಲಿಗೆ ಇಳೀತದ, ಉಸಿರು ಕಟ್ಟತದ," ಎಂದರು ಶಾರದಾ.

ಅಷ್ಟರಲ್ಲಿ ಒಬ್ಬ ಮುದುಕಿ ಶೀಸೆಯನ್ನು ದಿಟ್ಟಿಸಿದಳು. "ನಮ್ಮ ಹುಡುಗರ ಹಲ್ಲು ಎಲ್ಲಿಗೆ ಒಯ್ಯಾಕತ್ತೀಯವ್ವಾ?"

"ರಾಯಚೂರಿಗೆ," ಎಂದೆ.

ತಾಯಂದಿರು ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಎಸೆದರೆ ಮಾತ್ರ ಹೊಸ ಹಲ್ಲು ಬರುತ್ತದೆ. ಪರರ ಕೈಗೆ ಸಿಕ್ಕರೆ ಮಾಟಕ್ಕೆ ಆಗುತ್ತದೆ ಎಂಬುದು ಆ ಕಡೆಯ ನಂಬಿಕೆ. ನಮ್ಮ ಮನೆಯಲ್ಲೂ ಹಾಗೇ ಎಸೆಯುತ್ತಿದ್ದರು. ಆ ಗಳಿಗೆಯಲ್ಲಿ ನನಗದು ಹೊಳೆಯಲಿಲ್ಲ.

"ಮಾಟಕ್ಕ ಒಯ್ಯಾಕತ್ತಾರಲೇ," ಎಂದು ಯಾರೋ ಅಂದರು. ಯಂಕವ್ವನ ಅಪ್ಪ ಮಲ್ಲಪ್ಪ ಜನರನ್ನು ಸೀಳಿಕೊಂಡು ಬಂದು ಮಗಳನ್ನು ಕಸಿದುಕೊಂಡ. ನಾನು ಶೀಸೆಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದೆ. ಮೊದಲ ಕಲ್ಲು ಜೀಪಿನ ಗಾಜಿಗೆ ಬಿತ್ತು, ಎರಡನೆಯದು ನನ್ನ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಆ ಸುಯ್ ಸದ್ದು ಈಗಲೂ ಒಮ್ಮೊಮ್ಮೆ ಕೇಳಿಸಿ ತಲೆ ತಗ್ಗಿಸುತ್ತೇನೆ. ಖಾಜಾಸಾಬ ನಮ್ಮಿಬ್ಬರನ್ನೂ ಒಳಗೆ ನೂಕಿ ಗಾಡಿ ಓಡಿಸಿದ.

ಊರಾಚೆ ಬೇವಿನ ಮರ ಬಂದದ್ದೇ ಶಾರದಾ, "ನಿಲ್ಲಸು ಖಾಜಾ. ಆ ಕೂಸು ಸಾಯ್ತದ," ಎಂದರು.

"ಅದಕ್ಕಿಂತ ಮೊದಲ ನಾವು ಸಾಯ್ತೀವಿ, ಅಮ್ಮಾರೇ."

ಆದರೂ ನಿಲ್ಲಿಸಿದ, ಇಂಜಿನ್ ಮಾತ್ರ ಆರಿಸಲಿಲ್ಲ. ಜೋಳದ ಕೂಳೆ ತುಳಿಯುತ್ತ ಹನಮವ್ವ ಮಗಳನ್ನು ಹೊತ್ತು ಬರುವುದು ಕಂಡಿತು. ಹಿಂದೆ ಯಾರಾದರೂ ಇದ್ದಾರೆಯೇ ಎಂದು ನಾನು ಹೊಲವನ್ನೆಲ್ಲ ಹುಡುಕಿದೆ.

"ಗಂಡನ ಕಣ್ಣು ತಪ್ಪಿಸಿ ಬಂದೀನಿ, ಇಲ್ಲೇ ತೆಗೀರಿ," ಎಂದಳು ಏದುಸಿರು ಬಿಡುತ್ತ. "ಹಲ್ಲು ನನ್ನ ಕೈಯಾಗ ಕೊಡಬೇಕು ನೋಡ್ರಿ."

ಜೀಪಿನ ಸೀಟಿನ ಮೇಲೆ ಮಲಗಿಸಿದೆವು. ನಾನು ತಲೆ ಹಿಡಿದುಕೊಂಡೆ. ಹಲ್ಲಿನ ಹಿಂದೆಯೇ ಕೀವು ಹರಿಯಿತು. ಹುಡುಗಿ ಚೀರಿದಳು, ಉಗುಳಿದಳು, ಆಮೇಲೆ ನೀರು ಕೇಳಿದಳು. "ಮೂರು ದಿನದಾಗ ಇದಽ ಮೊದಲ ಮಾತು," ಎಂದಳು ತಾಯಿ.

ಶಾರದಾ ಗುಳಿಗೆಗಳನ್ನು ಕೊಟ್ಟು ಹೇಗೆ ನುಂಗಿಸಬೇಕೆಂದು ಹೇಳುತ್ತಿದ್ದಾಗ ಮರದ ಹಿಂದಿನಿಂದ ಮಲ್ಲಪ್ಪ ಬಂದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬಲಗೈಯಲ್ಲಿ ಕಲ್ಲಿತ್ತು. ಮಗಳು ನೀರು ಕುಡಿಯುವುದನ್ನು ನೋಡಿದ, ನಮ್ಮನ್ನು ನೋಡಿದ, ಹೆಂಡತಿಯ ಮುಂದೆ ಎಡಗೈ ಚಾಚಿದ. ಆಕೆ ಹಲ್ಲನ್ನು ಅದರಲ್ಲಿಟ್ಟಳು. ಕಲ್ಲನ್ನು ಅವನು ಬಿಡಲಿಲ್ಲ.

ಜೀಪು ಹೊರಟಿತು. ಒಂದರಲ್ಲಿ ಹಲ್ಲು, ಇನ್ನೊಂದರಲ್ಲಿ ಕಲ್ಲು, ಎರಡೂ ಕೈ ಮುಷ್ಟಿ ಬಿಗಿದು ಅವನು ನಮ್ಮ ಹಿಂದೆ ದಾರಿಯ ನಡುವೆಯೇ ನಿಂತಿದ್ದ. ಮೊದಲು ಯಾವ ಕೈ ಬೀಸುತ್ತಾನೋ ಎಂದು ತಿರುವು ಬರುವವರೆಗೂ ನೋಡುತ್ತಲೇ ಇದ್ದೆ.